ಹತ್ತಕ್ಕೆ ಹತ್ತೂ ಬೆಸ್ಟ್

ಈಗ ವೆಟ್ ಗ್ರೈಂಡರ್ ಕೊಳ್ಳುವುದು ಬಹಳ ಸುಲಭ. ಅಂಗಡಿಗೆ ಹೋಗಬೇಕಿಲ್ಲ, ಕಲ್ಲು ಮುಟ್ಟಿ ನೋಡಬೇಕಿಲ್ಲ, ಅಂಗಡಿಯವನ ಜೊತೆ ಚೌಕಾಸಿ ಮಾಡಬೇಕಿಲ್ಲ. ಫೋನಿನಲ್ಲಿ ಹುಡುಕಿದರೆ ಸಾಕು, ‘ಈ ವರ್ಷದ 10 ಬೆಸ್ಟ್ ಗ್ರೈಂಡರ್‌ಗಳು’ ಎಂಬ ಪಟ್ಟಿ ಸಿಗುತ್ತದೆ. ಪಟ್ಟಿ ಬರೆದವರು ಯಾವತ್ತಾದರೂ ಉದ್ದಿನ ಬೇಳೆ ನೆನೆಹಾಕಿದ್ದಾರಾ ಎಂದು ಮಾತ್ರ ಕೇಳಬಾರದು. ಅದು ಅಧಿಕಪ್ರಸಂಗ.

ಈ ಪಟ್ಟಿಗಳ ದೊಡ್ಡ ಗುಣ ಏನೆಂದರೆ, ಇಲ್ಲಿ ಫೇಲ್ ಆದವರೇ ಇಲ್ಲ. ಮೊದಲನೆಯದು ‘ಒಟ್ಟಾರೆ ಬೆಸ್ಟ್’. ಎರಡನೆಯದು ‘ಕಡಿಮೆ ಬೆಲೆಗೆ ಬೆಸ್ಟ್’. ಮೂರನೆಯದು ಚಿಕ್ಕ ಕುಟುಂಬಕ್ಕೆ, ನಾಲ್ಕನೆಯದು ದೊಡ್ಡ ಕುಟುಂಬಕ್ಕೆ. ಏಳನೆಯದಕ್ಕೆ ಬರುವ ಹೊತ್ತಿಗೆ ಕುಟುಂಬಗಳು ಮುಗಿದುಹೋಗಿರುತ್ತವೆ. ಆಗ ‘ಅಡುಗೆಮನೆಯ ಅಂದಕ್ಕೆ ಬೆಸ್ಟ್’ ಶುರುವಾಗುತ್ತದೆ. ನಿನ್ನೆವರೆಗೆ ಮೊದಲ ಸ್ಥಾನದಲ್ಲಿದ್ದ ಗ್ರೈಂಡರ್ ಇವತ್ತು ಪಟ್ಟಿಯಲ್ಲೇ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಅದರ ಮೋಟಾರ್ ಕೆಟ್ಟಿಲ್ಲ, ಸ್ಟಾಕ್ ಖಾಲಿಯಾಗಿದೆ ಅಷ್ಟೇ. ಸ್ಟಾಕ್ ಇಲ್ಲದ ವಸ್ತುವಿನ ಗುಣಮಟ್ಟ ತಕ್ಷಣ ಕುಸಿಯುತ್ತದೆ. ಇದು ಈ ವಿಜ್ಞಾನದ ಮೊದಲ ನಿಯಮ.

ಎರಡನೆಯ ನಿಯಮಕ್ಕೆ ಪಟ್ಟಿಯ ಕೆಳಗಿನ ಬಟನ್ ನೋಡಬೇಕು. ‘ಇವತ್ತಿನ ಬೆಲೆ ನೋಡಿ’ ಎಂದಿರುತ್ತದೆ. ಆ ಲಿಂಕಿನ ಬಾಲದಲ್ಲಿ ವಿಮರ್ಶಕರ ಗುರುತು ಅಂಟಿಕೊಂಡಿರುತ್ತದೆ. ನೀವು ಅದರ ಮೂಲಕ ಹೋಗಿ ಕೊಂಡರೆ ಅವರಿಗೆ ಕಮಿಷನ್. ನಿಮಗೆ ಬೆಲೆಯೇನೂ ಜಾಸ್ತಿಯಾಗುವುದಿಲ್ಲ. ಇದು ಹೊಸದೂ ಅಲ್ಲ, ಕಳ್ಳ ವ್ಯವಹಾರವೂ ಅಲ್ಲ. ಅಮೆಜಾನ್ ಈ ಪದ್ಧತಿ ಶುರುಮಾಡಿದ್ದೇ 1996ರಲ್ಲಿ. ನಿಜವಾಗಿ ಬಳಸಿ, ಯೋಚಿಸಿ ಬರೆಯುವವರೂ ಇದರಿಂದಲೇ ನಾಲ್ಕು ಕಾಸು ಕಾಣುತ್ತಾರೆ. ಅವರಿಗೆ ನಮಸ್ಕಾರ.

ಮಜಾ ಇರುವುದು ಲೆಕ್ಕದಲ್ಲಿ. ಅಮೆಜಾನ್‌ನಲ್ಲಿ ಲಿಂಕ್ ಒತ್ತಿದ ಮೇಲೆ ಸಾಮಾನ್ಯವಾಗಿ 24 ಗಂಟೆ ನೀವು ಆ ವಿಮರ್ಶಕರ ಗಿರಾಕಿ. ಗ್ರೈಂಡರ್ ಇಷ್ಟವಾಗದೆ ಬಿಟ್ಟುಬಿಟ್ಟಿರಿ, ರಾತ್ರಿ ಮಗುವಿಗೆ ಡೈಪರ್ ತರಿಸಿದಿರಿ ಅಂತಿಟ್ಟುಕೊಳ್ಳಿ. ಕಮಿಷನ್ ಅವರಿಗೇ. ಅಂದರೆ ನಿಮ್ಮ ಮನೆಯ ಇಡ್ಲಿ ಮೆತ್ತಗಾಯಿತೋ ಕಲ್ಲಾಯಿತೋ ಅವರಿಗೆ ಸಂಬಂಧವಿಲ್ಲ. ನೀವು ಬಟನ್ ಒತ್ತಿದರಾ, ಕೆಲಸ ಮುಗಿಯಿತು. ಇನ್ನೊಂದು ಚಂದದ ಷರತ್ತಿದೆ: ತನ್ನ ಲಿಂಕಿನಿಂದ ತಾನೇ ಕೊಂಡರೆ ಕಮಿಷನ್ ಇಲ್ಲ. ಆದ್ದರಿಂದ ವಿಮರ್ಶಕರು ಗ್ರೈಂಡರ್ ಕೊಳ್ಳದೆ ಇರುವುದನ್ನು ಸೋಮಾರಿತನ ಎನ್ನಬೇಡಿ. ನಿಯಮಪಾಲನೆ ಎನ್ನಿ.

ಆದರೆ ಬಟನ್ ಒತ್ತಬೇಕಾದರೆ ನಂಬಿಕೆ ಬೇಕಲ್ಲ. ಅದನ್ನು ತಯಾರಿಸುವುದು ನಿಜವಾಗಿಯೂ ಕಷ್ಟದ ಕೆಲಸ. ಬರೀ ಹೊಗಳಿದರೆ ಜನ ನಂಬುವುದಿಲ್ಲ. ಹಾಗಾಗಿ ‘ಕೊರತೆಗಳು’ ಎಂಬ ತಲೆಬರಹ ಹಾಕಿ ಒಂದು ದೋಷ ಹೇಳಲೇಬೇಕು. ಎಂಥ ದೋಷ? ಗ್ರೈಂಡರ್‌ಗೂ ನೋವಾಗಬಾರದು, ಕಮಿಷನ್‌ಗೂ ನೋವಾಗಬಾರದು. ಇಷ್ಟೆಲ್ಲ ತಲೆಕೆಡಿಸಿಕೊಂಡು ಈ ಬಳಗ ಕಂಡುಹಿಡಿದ ಮಹಾದೋಷ: ‘ವೈರ್ ಸ್ವಲ್ಪ ಗಿಡ್ಡ.’ ಮಿಕ್ಸಿಯ ವೈರ್ ಗಿಡ್ಡ, ಗೀಸರ್‌ನ ವೈರ್ ಗಿಡ್ಡ, ಇಂಡಕ್ಷನ್ ಒಲೆಯ ವೈರ್ ಗಿಡ್ಡ. ದೇಶದ ಎಲ್ಲ ಸಾಮಾನೂ ಅತ್ಯುತ್ತಮ, ವೈರ್ ಒಂದೇ ಗಿಡ್ಡ. ಸರ್ಕಾರ ಒಂದು ವೈರ್ ಉದ್ದ ಮಾಡುವ ಯೋಜನೆ ತಂದರೆ ಈ ಉದ್ಯಮವೇ ಮುಚ್ಚಿಹೋಗುತ್ತದೆ. ವೈರ್ ಇಲ್ಲದ ವಸ್ತುವಾದರೆ? ‘ಇನ್ನೂ ಒಂದೆರಡು ಬಣ್ಣಗಳಿದ್ದರೆ ಚೆನ್ನಾಗಿತ್ತು.’

ವಿಡಿಯೋ ಮಾಡುವವರ ದಾರಿ ಬೇರೆ. ಅಲ್ಲಿ ಪ್ರಾಮಾಣಿಕತೆಯನ್ನು ಬಾಯಿಬಿಟ್ಟು ಹೇಳುತ್ತಾರೆ. “ಫ್ರೆಂಡ್ಸ್, ಇದು ಪೇಯ್ಡ್ ಅಲ್ಲ. ನಾನೇ ದುಡ್ಡು ಕೊಟ್ಟು ತಗೊಂಡಿದ್ದು. ಹಾನೆಸ್ಟ್ ಆಗಿ ಹೇಳ್ತೀನಿ.” ಆಮೇಲೆ ಪೆಟ್ಟಿಗೆ ಕತ್ತರಿಸುತ್ತಾರೆ, ಥರ್ಮಾಕೋಲ್ ತೆಗೆಯುತ್ತಾರೆ, ಗ್ರೈಂಡರ್ ಖಾಲಿ ತಿರುಗಿಸುತ್ತಾರೆ. “ವಾವ್, ನೋಡಿ, ಸೌಂಡೇ ಇಲ್ಲ!” ಅಕ್ಕಿ ಬೇಳೆ ಹಾಕಿ ರುಬ್ಬದೆ ಸೌಂಡ್ ಎಷ್ಟೆಂದು ಗೊತ್ತಾಗುವುದಾದರೂ ಹೇಗೆ? ಹತ್ತು ನಿಮಿಷ ಅಚ್ಚಗನ್ನಡದಲ್ಲಿ ಅಕ್ಕ, ಅಮ್ಮ, ಅತ್ತೆ ಎಂದು ಮಾತಾಡಿದವರು ಕಮಿಷನ್ ವಿಷಯ ಬಂದಾಗ ಮಾತ್ರ ಇಂಗ್ಲಿಷಿಗೆ ಹಾರುತ್ತಾರೆ. ಅದೂ ಕೆಳಗೆ, ‘ಇನ್ನಷ್ಟು’ ಎಂಬುದನ್ನು ಒತ್ತಿದ ಮೇಲೆ, ಮೂವತ್ತು ಹ್ಯಾಶ್‌ಟ್ಯಾಗ್‌ಗಳ ನಡುವೆ.

ಇದನ್ನು ಸರ್ಕಾರ ನೋಡಿಲ್ಲ ಅಂತಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೋಷಿಯಲ್ ಮೀಡಿಯಾದ ಇನ್‌ಫ್ಲುಯೆನ್ಸರ್‌ಗಳಿಗೆಂದೇ ಒಂದು ಕೈಪಿಡಿ ಹೊರಡಿಸಿತು. ವ್ಯವಹಾರದ ಸಂಬಂಧವಿದ್ದರೆ ಎದ್ದು ಕಾಣುವ ಹಾಗೆ ಹೇಳಿ, ಹ್ಯಾಶ್‌ಟ್ಯಾಗ್‌ಗಳ ಜೊತೆ ಬೆರೆಸಬೇಡಿ, ವಿಡಿಯೋ ಆದರೆ ವಿವರಣೆಯಲ್ಲಿ ಬಚ್ಚಿಡದೆ ವಿಡಿಯೋದೊಳಗೇ ಹೇಳಿ ಎಂದಿತು. ಇನ್ನೂ ಒಂದು ಮಾತು ಸೇರಿಸಿತು: ಹೊಗಳುವ ವಸ್ತುವನ್ನು ಹೊಗಳುವವರು ನಿಜವಾಗಿ ಬಳಸಿರಬೇಕು. ಇದನ್ನು ಸರ್ಕಾರ ಬರವಣಿಗೆಯಲ್ಲಿ ಕೊಡಬೇಕಾಯಿತು ನೋಡಿ! ನಾಳೆ ‘ಊಟ ಮಾಡುವವರು ಬಾಯಿ ತೆರೆಯತಕ್ಕದ್ದು’ ಎಂದು ಸುತ್ತೋಲೆ ಬಂದರೂ ಆಶ್ಚರ್ಯವಿಲ್ಲ. ದಂಡವೂ ಉಂಟು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ವಿಮರ್ಶಕರು ಇದನ್ನೂ ಓದಿರುತ್ತಾರೆ. ಓದಿ, ಹ್ಯಾಶ್‌ಟ್ಯಾಗ್‌ಗಳನ್ನು ಮೂವತ್ತರಿಂದ ಇಪ್ಪತ್ತೈದಕ್ಕೆ ಇಳಿಸಿರುತ್ತಾರೆ.

ಭಾರತೀಯ ಮಾನಕ ಬ್ಯೂರೋ, ಅಂದರೆ ನಮ್ಮ ಐಎಸ್‌ಐ ಗುರುತಿನವರು, 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೇ ಒಂದು ಮಾನದಂಡ ತಂದರು. ಅದರ ಸಂಖ್ಯೆ ಐಎಸ್ 19000. ವಿಮರ್ಶೆ ಬರೆದವರು ನಿಜವಾಗಿ ಇದ್ದಾರಾ ಎಂದು ಪರಿಶೀಲಿಸಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಹಾಕಬಾರದು, ಹೀಗೆಲ್ಲ ಒಳ್ಳೆಯ ಮಾತುಗಳಿವೆ. ಆದರೆ ಅದು ಹೊರಬಂದದ್ದು ಇಷ್ಟವಿದ್ದವರು ಪಾಲಿಸಿ ಎಂಬ ಧಾಟಿಯಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್ ಮೇಲೆ ಒಂದು ಆದೇಶ ಹೊರಡಿಸಿತ್ತು. ಕಡ್ಡಾಯ ಗುಣಮಟ್ಟಕ್ಕೆ ಹೊಂದದ 2,265 ಪ್ರೆಷರ್ ಕುಕ್ಕರ್‌ಗಳನ್ನು ತನ್ನ ತಾಣದಲ್ಲಿ ಮಾರಲು ಬಿಟ್ಟದ್ದಕ್ಕೆ 1 ಲಕ್ಷ ದಂಡ, ಕೊಂಡವರಿಗೆ ಹಣ ವಾಪಸು ಮಾಡಬೇಕೆಂಬ ಸೂಚನೆ. ಕುಕ್ಕರ್‌ಗೆ ಐಎಸ್‌ಐ ಗುರುತು ಬೇಕೇಬೇಕು. ಕುಕ್ಕರನ್ನು ಕೊಂಡಾಡುವವರಿಗೆ ಯಾವ ಗುರುತೂ ಬೇಡ. ಕುಕ್ಕರ್ ಒಂದಾದರೂ ಒತ್ತಡ ಜಾಸ್ತಿಯಾದಾಗ ಕೂಗಿ ಹೇಳುತ್ತದೆ.

ನಾವೂ ಕಮ್ಮಿಯಿಲ್ಲ ಬಿಡಿ. ಪಾರ್ಸೆಲ್ ಒಳಗೆ ಒಂದು ಬಣ್ಣದ ಚೀಟಿ ಬರುತ್ತದೆ: ‘5 ಸ್ಟಾರ್ ಕೊಡಿ, ಸ್ಕ್ರೀನ್‌ಶಾಟ್ ಕಳಿಸಿ, 100 ರೂಪಾಯಿ ವಾಪಸ್ ಪಡೆಯಿರಿ.’ ಕೊಡುತ್ತೇವೆ. ದುಡ್ಡಿಲ್ಲದೆಯೂ ಕೊಡುತ್ತೇವೆ. ‘ಪ್ಯಾಕಿಂಗ್ ಸೂಪರ್. ಡೆಲಿವರಿ ಹುಡುಗ ತುಂಬ ಒಳ್ಳೆಯವನು. ಇನ್ನೂ ಬಳಸಿಲ್ಲ. 5 ಸ್ಟಾರ್.’ ನನ್ನ ಪ್ರಕಾರ ಇಡೀ ಅಂತರ್ಜಾಲದಲ್ಲಿ ಪೂರ್ತಿ ಸತ್ಯವಾದ ವಿಮರ್ಶೆ ಇದೊಂದೇ. ಬಳಸಿಲ್ಲ ಅಂತ ಒಪ್ಪಿಕೊಂಡಿದ್ದಾರಲ್ಲ.

ಈ ಧಂದೆಯಲ್ಲಿ ತಕ್ಷಣ ಶಿಕ್ಷೆ ಅನುಭವಿಸುವವರು ಒಬ್ಬರೇ. ವಾಟ್ಸಾಪ್‌ನಲ್ಲಿ ‘ಮನೆಯಲ್ಲೇ ಕೂತು ಸಂಪಾದಿಸಿ’ ಎಂಬ ಸಂದೇಶ ಬಂತು ಎಂದು, ಕಂಡೇ ಇರದ ಹೋಟೆಲ್‌ಗಳಿಗೆ ಐದು ಸ್ಟಾರ್ ಒತ್ತುವವರು. ಮೊದಲು ಒಂದಿಷ್ಟು ನೂರು ರೂಪಾಯಿ ಕೈಗೆ ಬರುತ್ತದೆ. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಎಂದು ಅವರಿಂದಲೇ ಸಾವಿರ, ಲಕ್ಷ ಕಟ್ಟಿಸಿಕೊಂಡು ಆ ಕಡೆಯವರು ಮಾಯವಾಗುತ್ತಾರೆ. ಬೆಂಗಳೂರಿನ ಸೈಬರ್ ಪೊಲೀಸರಿಗೆ ಈ ಕಥೆ ಬಾಯಿಪಾಠ. ಸುಳ್ಳು ಸ್ಟಾರ್ ಕೊಟ್ಟವರು, ಸುಳ್ಳು ಕೆಲಸ ಕೊಟ್ಟವರನ್ನು ನಂಬಿ ಕೆಟ್ಟರು.

ಇಷ್ಟೆಲ್ಲ ಓದಿ, ನೋಡಿ ಮುಗಿಸಿದ ಮೇಲೂ ನಮಗೆ ಬೇಕಾದ್ದು ಗೊತ್ತಾಗಿರುವುದಿಲ್ಲ. ಹೊಸ ಕಲ್ಲಿನ ಪುಡಿ ಹೋಗಲು ಎಷ್ಟು ಸಲ ಅಕ್ಕಿ ರುಬ್ಬಿ ಚೆಲ್ಲಬೇಕು? ಉದ್ದು ಉಬ್ಬುವ ಮೊದಲೇ ಹಿಟ್ಟು ಬಿಸಿಯಾಗುತ್ತದಾ? ಮಂಡಿನೋವಿನ ಅಮ್ಮ ಆ ಡ್ರಮ್ ಎತ್ತಿ ತೊಳೆಯಬಲ್ಲರಾ? ಬೆಳಗ್ಗೆ ಆರಕ್ಕೆ ಹಾಕಿದರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರಾ? ಇಬ್ಬರಿಗಾಗುವಷ್ಟು ಚಟ್ನಿ ಹಾಕಿದರೆ ಕಲ್ಲಿಗೆ ಸಿಗುತ್ತದಾ, ಸುಮ್ನೆ ಗೋಡೆಗೆ ಮೆತ್ತಿಕೊಂಡು ಕೂರುತ್ತದಾ? ಇದನ್ನೆಲ್ಲ ಹೇಳಲು ಒಂದು ವರ್ಷ ರುಬ್ಬಬೇಕು. ದಸರಾ ಸೇಲ್ ಅಲ್ಲಿಯವರೆಗೆ ಕಾಯುವುದಿಲ್ಲ. ಪಟ್ಟಿಯವರು ಮಾತ್ರ ತಲೆಬರಹದಲ್ಲಿ ಇಸವಿ ಬದಲಿಸಿ ಪ್ರತಿ ಜನವರಿಗೆ ‘ಹೊಸದಾಗಿ ಪರೀಕ್ಷಿಸಿದ್ದು’ ಎಂದು ಹಾಕುತ್ತಾರೆ.

ಅಂಥ ಒಂದು ವಿಡಿಯೋದ ಕೆಳಗೆ ಯಾರೋ ಕೇಳಿದ್ದರು: “ಅಣ್ಣಾ, ನೀವು ಹೇಳಿದ ಗ್ರೈಂಡರೇ ತಗೊಂಡ್ವಿ. ಎಂಟೇ ತಿಂಗಳಿಗೆ ಬೆಲ್ಟ್ ಹೋಯ್ತು. ನಮ್ಮ ಶಿರಸಿ ಕಡೆ ಎಲ್ಲೂ ಸಿಗ್ತಿಲ್ಲ. ಏನ್ ಮಾಡೋದು?” ಅಣ್ಣ ಅರ್ಧ ಗಂಟೆಯೊಳಗೆ ಉತ್ತರ ಕೊಟ್ಟಿದ್ದರು, ಕೈಮುಗಿದ ಚಿತ್ರದ ಸಮೇತ: “ಚಿಂತೆ ಬೇಡ ಅಕ್ಕಾ, ಲಿಂಕ್ ಹಾಕಿದ್ದೀನಿ.” ಒತ್ತಿ ನೋಡಿದೆ. ಹೊಸ ಗ್ರೈಂಡರ್. ಕೊರತೆ: ವೈರ್ ಸ್ವಲ್ಪ ಗಿಡ್ಡ.