ನಗಿಸುವ ಹೆಣ್ಣುಮಗಳನ್ನು ಹಗುರ ಮಾಡಬೇಡಿ

ಕಳೆದ ವಾರ ತಂಗಿಯ ಮಗಳು ಬನಹಟ್ಟಿಗೆ ನಮ್ಮ ಮನೆಗೆ ಬಂದಿದ್ದಳು. ಬಾಗಲಕೋಟೆಯಲ್ಲಿ ಡಿಗ್ರಿ ಓದುತ್ತಾಳೆ. ಕಾಲೇಜಿನ ಗ್ಯಾದರಿಂಗ್‌ನಲ್ಲಿ ಒಬ್ಬಳೇ ಮೈಕ್ ಹಿಡಿದು ಹತ್ತು ನಿಮಿಷ ಸ್ಟ್ಯಾಂಡಪ್ ಕಾಮಿಡಿ ಮಾಡಿದ್ದಾಳೆ. ಹಾಸ್ಟೆಲ್ ಊಟ, ಕನ್ಯಾ ನೋಡಲು ಬರುವವರ ಪ್ರಶ್ನೆಗಳು, ಇಂಥವೇ. ಹುಡುಗರು ಹುಡುಗಿಯರು ಬಿದ್ದು ಬಿದ್ದು ನಕ್ಕಿದ್ದಾರೆ. ಕೆಳಗಿಳಿದ ಮೇಲೆ ಹಿರಿಯರೊಬ್ಬರು ಕರೆದು, "ಛಲೋ ಮಾಡಿದಿ ತಂಗಿ. ಆದ್ರ ಲಗ್ನ ಆಗೋ ಹುಡುಗಿ ನೀ, ಇಂಥಾವೆಲ್ಲ ಬ್ಯಾಡ" ಅಂದರಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಮಾತು ಹೊಸದಲ್ಲ. ಚಿಕ್ಕವನಿದ್ದಾಗ ಬನಶಂಕರಿ ಜಾತ್ರೆಗೆ ಹೋಗಿ ರಾತ್ರಿಯಿಡೀ ಕಂಪನಿ ನಾಟಕ ನೋಡುತ್ತಿದ್ದೆವು. ಒಂದು ವರ್ಷ ಹಾಸ್ಯದ ಪಾತ್ರದ ಹೆಣ್ಣುಮಗಳು ಇಡೀ ಟೆಂಟನ್ನೇ ನಗಿಸಿದಳು. ನಾಟಕ ಮುಗಿದ ಮೇಲೆ ಹಿಂದುಗಡೆ ಹೋದರೆ, ಆಕೆ ಒಂದು ಟ್ರಂಕಿನ ಮೇಲೆ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದಳು. ತೊಡೆಯ ಮೇಲೆ ಮಗು ಮಲಗಿತ್ತು. ಒಳಗೆ ಚಪ್ಪಾಳೆ ತಟ್ಟಿದ್ದ ಗಂಡಸರೇ ಹೊರಗೆ ನಿಂತು ಆಕೆಯ ಬಗ್ಗೆ ಹೊಲಸು ಮಾತಾಡುತ್ತಿದ್ದರು. ಅವ್ವ ಏನೂ ಅನ್ನಲಿಲ್ಲ. ಬುತ್ತಿಯಲ್ಲಿ ಉಳಿದಿದ್ದ ಎರಡು ರೊಟ್ಟಿ, ಶೇಂಗಾ ಹಿಂಡಿ ಆಕೆಯ ಕೈಗಿಟ್ಟು, "ಉಣ್ಣವ್ವಾ, ಭಾಳ ನಗಿಸಿದಿ" ಅಂದಳು.

ಮುಂದೆ ಸಿನಿಮಾದಲ್ಲಿ ಉಮಾಶ್ರೀ ಅವರನ್ನು ನೋಡುವಾಗಲೂ ಅಕ್ಕಪಕ್ಕ ಅದೇ ಮಾತು ಕೇಳಿದೆ. ತುಮಕೂರು ಜಿಲ್ಲೆಯ ನೊಣವಿನಕೆರೆಯವರು ಅವರು. 1984ರ 'ಅನುಭವ' ಅವರನ್ನು ಜನರಿಗೆ ಪರಿಚಯಿಸಿತು. ಆಮೇಲೆ ಹಾಸ್ಯನಟ ಎನ್.ಎಸ್.ರಾವ್ ಅವರ ಜೊತೆ ಜೋಡಿಯಾಗಿ ಎಷ್ಟು ಸಿನಿಮಾ ಮಾಡಿದರೋ! ಡಬಲ್ ಮೀನಿಂಗ್ ಮಾತು ಬರೆದವರು ಬೇರೆಯವರು, ದುಡ್ಡು ಮಾಡಿದವರು ಬೇರೆಯವರು, ನಕ್ಕವರು ನಾವು. ಕೆಟ್ಟ ಹೆಸರು ಮಾತ್ರ ಅವರೊಬ್ಬರಿಗೇ. ಇದು ನ್ಯಾಯವಾ?

ಆದರೆ ರಂಗಭೂಮಿ ಬಲ್ಲವರನ್ನು ಕೇಳಿ. ಸಿ.ಜಿ.ಕೃಷ್ಣಸ್ವಾಮಿ ನಿರ್ದೇಶಿಸಿದ 'ಒಡಲಾಳ' ನಾಟಕದ ಸಾಕವ್ವ ಅಂದರೆ ಇವತ್ತಿಗೂ ಉಮಾಶ್ರೀ ಹೆಸರೇ ಬರುತ್ತದೆ. ಕಳೆದುಹೋದ ಹುಂಜ ಹುಡುಕುತ್ತಾ ಬೈಯುತ್ತಾ ತಿರುಗುವ ಮುದುಕಿ ಸಾಕವ್ವ. ಮೊದಲು ನಗು ಬರುತ್ತದೆ. ಒಂದು ಹುಂಜ ಹೋದರೆ ಆ ಮನೆಗೆ ಏನು ಹೋದಂತೆ ಅಂತ ತಿಳಿದಾಗ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ನಗಿಸೋಕೆ ಬಾರದವರಿಗೆ ಆ ಪಾತ್ರ ದಕ್ಕುವುದಿಲ್ಲ ಅಂತ ನನ್ನ ನಂಬಿಕೆ. ಅಳಿಸುವ ಸೀನಿಗೆ ಹಿಂದೆ ಪಿಟೀಲು ಬಾರಿಸಬಹುದು. ನಗಿಸುವವರಿಗೆ ಅಂಥ ಆಸರೆ ಇಲ್ಲ, ಮಾತು ಒಂದು ಗಳಿಗೆ ತಡವಾದರೂ ಸತ್ತಂತೆ.

'ಗುಲಾಬಿ ಟಾಕೀಸ್' ಸಿನಿಮಾದ ಸೂಲಗಿತ್ತಿ ಗುಲಾಬಿಯ ಪಾತ್ರಕ್ಕೆ ಅವರಿಗೆ 2007ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಆಗ "ಕಾಮಿಡಿ ಬಿಟ್ಟು ನಿಜವಾದ ನಟನೆ ಮಾಡಿದ್ರು" ಅಂದವರಿದ್ದಾರೆ. ಹಾಗಾದರೆ ಅದಕ್ಕೂ ಮೊದಲು ಮಾಡಿದ್ದು ಏನು?

ನಮ್ಮ ತೇರದಾಳ ಕ್ಷೇತ್ರಕ್ಕೆ ಚುನಾವಣೆಗೆ ನಿಂತಾಗಲೂ ಚಹಾದಂಗಡಿಯಲ್ಲಿ, "ಸಿನಿಮಾದಾಗ ನಗಸಾಕಿ, ಇಲ್ಲೇನ್ ಮಾಡ್ತಾಳ?" ಅನ್ನೋರು. 2008ರಲ್ಲಿ ಸೋತರು, 2013ರಲ್ಲಿ ಗೆದ್ದು ಮಂತ್ರಿಯಾದರು, 2018ರಲ್ಲಿ ಮತ್ತೆ ಸೋತರು. ಅವರ ರಾಜಕೀಯ ನಿಮಗೆ ಹಿಡಿಸಲಿ ಬಿಡಲಿ, ಅದು ಬೇರೆ ವಿಷಯ. ಲೆಕ್ಕ ಕೇಳೋದಾದರೆ ಕೆಲಸದ ಲೆಕ್ಕ ಕೇಳಿ. ನಗಿಸಿದ್ದನ್ನೇ ತಪ್ಪು ಅಂತ ಎಣಿಸಿದ್ದು ನನಗೆ ಇವತ್ತಿಗೂ ಬೇಜಾರು.

'ಪುಟ್ಟಕ್ಕನ ಮಕ್ಕಳು' ಧಾರಾವಾಹಿ ಬರುವಾಗ ನಮ್ಮ ಓಣಿಯಲ್ಲಿ ಮಗ್ಗ ನಿಲ್ಲಿಸಿ ಟಿವಿ ಮುಂದೆ ಕೂರುತ್ತಿದ್ದರು. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಬೆಳೆಸುವ ಪುಟ್ಟಕ್ಕ ಅವರಿಗೆ ಮನೆಯವಳೇ ಆಗಿದ್ದಳು. ಈಗ 'ಶರ್ಮಿಷ್ಠೆ' ಅನ್ನುವ ನಾಟಕದಲ್ಲಿ ಉಮಾಶ್ರೀ ಇಡೀ ರಂಗವನ್ನು ಒಬ್ಬರೇ ತುಂಬುತ್ತಾರೆ. ಈ ವಯಸ್ಸಲ್ಲಿ!

ಇದನ್ನೆಲ್ಲ ತಂಗಿಯ ಮಗಳಿಗೆ ಹೇಳಿದೆ. ಅವಳು ಸುಮ್ನೆ ಕೇಳಿಸಿಕೊಂಡಳು. ಸಂಜೆ ಅವ್ವ ಮಗ್ಗದ ಕಂಡಿಕಿಗೆ ನೂಲು ಸುತ್ತುತ್ತಾ, "ಏನ್ ಮಾಡಿದ್ಯವ್ವಾ ಗ್ಯಾದರಿಂಗ್‌ದಾಗ? ನನಗೂ ಮಾಡಿ ತೋರಸು" ಅಂದಳು. ಹುಡುಗಿ ನಾಚಿದಳು, ಆಮೇಲೆ ಎದ್ದು ನಿಂತಳು. ಕನ್ಯಾ ನೋಡಲು ಬಂದವರು ಕೇಳುವ ಪ್ರಶ್ನೆಗೆ ಬರುವಷ್ಟರಲ್ಲಿ ಅವ್ವನ ಕೈಯಲ್ಲಿದ್ದ ನೂಲು ಹರಿದಿತ್ತು. ಕಣ್ಣೊರೆಸಿಕೊಂಡು ನಗುತ್ತಲೇ ಗಂಟು ಹಾಕಿ, "ತಡಿ ತಡಿ, ಮೊದಲಿಂದ ಹೇಳು, ಬಾಜೂ ಮನಿ ಅತ್ತೀನ್ನ ಕರೀತೀನಿ" ಅಂದಳು.