ಸತ್ಯಾಂಶ: ತಾಯಿ ಚಿಂಪಾಂಜಿ ಮರಿಗೆ ಸನ್ನೆ ಹೇಳಿಕೊಡುತ್ತದೆಯೇ?

‘ತಾಯಿ ಚಿಂಪಾಂಜಿ ಮರಿಯನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಸನ್ನೆ ಹೇಳಿಕೊಡುತ್ತದೆ, ಮರಿ ಹಾಗೇ ನಕಲು ಮಾಡುತ್ತದೆ’ ಎಂಬ ಸಂದೇಶ ಫಾರ್ವರ್ಡ್ ಆಗುತ್ತಲೇ ಇದೆ. ಓದಲು ಮುದ್ದಾಗಿದೆ. ಆದರೆ ಕಾಡಿನ ಚಿಂಪಾಂಜಿಗಳು ಹೀಗೆ ಕಲಿಯುತ್ತವೆ ಎನ್ನಲು ಗಟ್ಟಿ ಪುರಾವೆ ಇಲ್ಲ.

ಉಗಾಂಡದ ಬುಡೊಂಗೊ ಕಾಡಿನ ಚಿಂಪಾಂಜಿಗಳನ್ನು ಗಮನಿಸಿದ ಸಂಶೋಧಕರಾದ ಕ್ಯಾಥರೀನ್ ಹೊಬೈಟರ್ ಮತ್ತು ರಿಚರ್ಡ್ ಬರ್ನ್ 2011ರಲ್ಲಿ 66 ಬಗೆಯ ಸನ್ನೆಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ಎಷ್ಟೋ ಸನ್ನೆಗಳು ಗೊರಿಲ್ಲಾ, ಒರಾಂಗುಟಾನ್‌ಗಳಲ್ಲೂ ಇವೆ. ಹಾಗಾಗಿ ಇವು ಹುಟ್ಟಿನಿಂದಲೇ ಬರುತ್ತವೆ ಎಂದು ಇವರ ವಾದ.

ಮನಶ್ಶಾಸ್ತ್ರಜ್ಞ ಮೈಕೆಲ್ ಟೊಮಾಸೆಲ್ಲೊ ಹೇಳುವುದು ಬೇರೆ. ಹಾಲು ಬೇಕಾದ ಮರಿ ಮೊದಲು ತಾಯಿಯ ತೋಳನ್ನು ಬಲವಾಗಿ ಎತ್ತುತ್ತದೆ. ದಿನಾ ಇದೇ ನಡೆದು, ಮರಿ ಮುಟ್ಟುತ್ತಿದ್ದಂತೆ ತಾಯಿಯೇ ತೋಳು ಎತ್ತತೊಡಗುತ್ತದೆ. ಆಮೇಲೆ ಸುಮ್ನೆ ಮುಟ್ಟಿದರೆ ಸಾಕು. ಆ ಮುಟ್ಟುವಿಕೆಯೇ ಸನ್ನೆ! ಚರ್ಚೆ ಇನ್ನೂ ಮುಗಿದಿಲ್ಲ, ಆದರೆ ಎರಡೂ ವಿವರಣೆಗಳಲ್ಲಿ ತಾಯಿ ಪಾಠ ಮಾಡುವುದಿಲ್ಲ.

ಹಾಗಂತ ಮರಿ ಏನೂ ಕಲಿಯುವುದೇ ಇಲ್ಲ ಅಂತಲ್ಲ. ಎಳೆಯ ಚಿಂಪಾಂಜಿಗಳು ಒಂದರ ಹಿಂದೊಂದು ಸನ್ನೆಗಳನ್ನು ಜಾಸ್ತಿ ಮಾಡುತ್ತವೆ. ದೊಡ್ಡವಾದಂತೆ, ಕೆಲಸ ಆಗುವ ಸನ್ನೆಯನ್ನೇ ಆರಿಸಿಕೊಳ್ಳುತ್ತವೆ.

ಗೊಂದಲಕ್ಕೆ ವಾಶೋ ಕಥೆಯೂ ಕಾರಣವಿರಬಹುದು. ಅಮೆರಿಕದಲ್ಲಿ ಮನುಷ್ಯರು ಈ ಚಿಂಪಾಂಜಿಗೆ ಕೈಸನ್ನೆ ಭಾಷೆ ಕಲಿಸಿದ್ದರು. ಅದು ಸಾಕಿದ ಲೂಲಿಸ್ ಎಂಬ ಮರಿಯೂ ಕೆಲವು ಸನ್ನೆ ಕಲಿತಿತ್ತು. ಆದರೆ ಅವು ಮನುಷ್ಯರ ಸನ್ನೆಗಳು, ಕಾಡಿನವಲ್ಲ.