ಕಾಕಾನ ಹತ್ತು ಕಿಲೋ

ನಮ್ಮ ಮನೆತನದಲ್ಲಿ ಯಾರೂ ಅನುಮಾನ ಪಡದ ಸಂಗತಿಗಳು ಎರಡು. ಒಂದು, ಅಜ್ಜ ದಾಂಡೇಲಿ ಅಡವಿಯಲ್ಲಿ ಹುಲಿ ನೋಡಿದ್ದು. ಇನ್ನೊಂದು, ಕಾಕಾನ ಸೈಕಲ್ ಹತ್ತು ಕಿಲೋ ತೂಗುವುದು. ಅಜ್ಜನೂ ಇಲ್ಲ, ಆ ಹುಲಿಯೂ ಇಲ್ಲ, ಆ ಮಾತು ಬಿಡಿ. ಸೈಕಲ್ ಮಾತ್ರ ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲೇ ಗೋಡೆಗೆ ಆತು ನಿಂತಿತ್ತು. ಇಷ್ಟು ವರ್ಷವಾದರೂ ಯಾರೂ ಅದನ್ನು ತೂಗುವ ಉಸಾಬರಿಗೆ ಹೋಗಿರಲಿಲ್ಲ.

ಕಾಕಾ ಎಪ್ಪತ್ತರ ದಶಕದಲ್ಲಿ ಓದಲಿಕ್ಕೆಂದು ಇಂಗ್ಲೆಂಡಿಗೆ ಹೋದವ. ಉಳಿದವರು ಬರುವಾಗ ಟೇಪ್ ರೆಕಾರ್ಡರ್ ತಂದರೆ ಇವ ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಧಾರವಾಡಕ್ಕೆ ಒಂದು ರೇಸ್ ಸೈಕಲ್ ತಂದ. ಟಗರಿನ ಕೋಡಿನ ಹಾಗೆ ಕೆಳಕ್ಕೆ ಸುತ್ತಿದ ಹ್ಯಾಂಡಲ್, ಬೆರಳಿನಷ್ಟು ಟಾಯರ್. ಸೀಟಿನ ಕೆಳಗಿನ ಕೊಳವೆಗೆ ‘ರೇನಾಲ್ಡ್ಸ್ 531’ ಎಂದು ಅಂಟಿಸಿದ್ದ ಚೀಟಿ. ಮನೆಗೆ ಯಾರೇ ಬರಲಿ, ಚಹಾ ಬರುವುದರೊಳಗೆ ಕಾಕಾ ತನ್ನ ತೋರುಬೆರಳಿನಿಂದ ಸೈಕಲ್ ಎತ್ತಿ ತೋರಿಸುತ್ತಿದ್ದ. ‘ಹತ್ತ ಕಿಲೋ! ನಿಮ್ಮ ಹಾಲಿನವನ ಸೈಕಲ್ ಇಪ್ಪತ್ತು ಕಿಲೋ ಬರ್ತದ. ಇದು ಅದರ ಅರ್ಧ.’ ಆಮೇಲೆ ಪಾಠ. ಈ ಕೊಳವೆ ಬರ್ಮಿಂಗ್‌ಹ್ಯಾಮಿನದು, 1935ರಲ್ಲಿ ಬಂದದ್ದು, ಉಕ್ಕಿನಲ್ಲಿ ಮ್ಯಾಂಗನೀಸು ಮತ್ತು ಮಾಲಿಬ್ಡಿನಮ್ ಕೂಡಿಸಿದ್ದು. ಬೆಸುಗೆ ಬೀಳುವ ತುದಿಗಳಲ್ಲಿ ಕೊಳವೆಯ ಗೋಡೆ ದಪ್ಪ, ನಡುವೆ ತೆಳು. ಬೆರಳಿನ ಗೆಣ್ಣಿನಿಂದ ಬಡಿದು ನಡುವಿನ ನಾದ ಬೇರೆ, ತುದಿಯ ನಾದ ಬೇರೆ ಎಂದು ಕೇಳಿಸುತ್ತಿದ್ದ. ಬಂದವರು ಚಹಾದ ಆಸೆಗೆ ಹೌದೆನ್ನುತ್ತಿದ್ದರು. ಮೊಣಕಾಲು ಸೋತ ಮೇಲೆ ಕಾಕಾ ಸೈಕಲ್ಲನ್ನೂ ಹತ್ತು ಕಿಲೋದ ಮಾತನ್ನೂ ನನಗೆ ದಾಟಿಸಿ ಸಾಧನಕೇರಿಯ ಮನೆಯಲ್ಲಿ ಕುಳಿತ.

ಹೀಗೆ ನಡೆದಿದ್ದ ಸಂಸಾರಕ್ಕೆ ಬೆಂಗಳೂರಿನಿಂದ ನನ್ನ ತಂಗಿಯ ಮಗ ಬಂದ. ಅವನದು ಕಾರ್ಬನ್ ಸೈಕಲ್. ‘ಮಾಮಾ, ಇದರ ತೂಕ ಎಷ್ಟು?’ ಅಂದ. ಹತ್ತು ಅಂದೆ. ಅವ ಎತ್ತಿ ನೋಡಿದ. ಏನೂ ಅನ್ನಲಿಲ್ಲ. ಮೆಲ್ಲಗೆ ಕೆಳಗಿಟ್ಟ. ಹುಡುಗರು ಎದುರು ಮಾತಾಡಿದರೆ ಬೈಯಬಹುದು, ಸುಮ್ಮನಿದ್ದರೆ ಏನು ಮಾಡುವುದು? ಹೋಗುವಾಗ ಮಾತ್ರ, ಪೈಪೋಟಿಯ ಸೈಕಲ್ಲಿಗೆ 6.8 ಕಿಲೋಕ್ಕಿಂತ ಕಡಿಮೆ ಇರಬಾರದೆಂದು 2000ದಿಂದ ಕಾಯಿದೆಯೇ ಇದೆಯೆಂದು ಹೇಳಿ ಹೋದ. ಕಡಿಮೆ ಆಗಬಾರದೆಂದು ಕಾಯಿದೆ! ಪಡಿತರ ಅಂಗಡಿಯಲ್ಲಿ ಮಾತ್ರ ಇಂಥ ಕಾಯಿದೆ ಇರುತ್ತದೆಂದು ನಾನು ತಿಳಿದಿದ್ದೆ.

ಕಾಕಾನಿಗೆ ಫೋನ್ ಮಾಡಿ ಹೇಳಿದೆ. ‘ಅವನಿಗೇನ ಗೊತ್ತದ? 1972ರಾಗ ಆ ಸೈಕಲ್ ರೇಸಿನ ಮೆರ್ಕ್ಸ್ ಮೆಕ್ಸಿಕೋದಾಗ ಒಂದ ತಾಸಿನ್ಯಾಗ 49 ಕಿಲೋಮೀಟರ್ ಮ್ಯಾಲೆ ಹೊಡದನಲ್ಲಾ, ಆ ಸೈಕಲ್ ಸ್ಟೀಲಿಂದು. ಆರ ಕಿಲೋದೊಳಗ ಇತ್ತು. ಭಾರ ಸ್ಟೀಲಿನ್ಯಾಗ ಇರೂದಿಲ್ಲೋ, ಮಾಡಾವನ ಕೈಯಾಗ ಇರ್ತದ’ ಅಂದ. ಇಷ್ಟಾದ ಮೇಲೆ ತೂಗದೆ ಗತಿಯಿರಲಿಲ್ಲ.

ಮನೆಯಲ್ಲಿ ಡಾಕ್ಟರ ಅಪ್ಪಣೆಯಂತೆ ತಂದ, ನಿಂತು ನೋಡುವ ಮುಳ್ಳಿನ ಯಂತ್ರವಿತ್ತು. ಮೊದಲು ನಾನು ಸೈಕಲ್ ಎತ್ತಿಕೊಂಡು ನಿಲ್ಲುವುದು, ಆಮೇಲೆ ಬರಿಗೈಯಲ್ಲಿ ನಿಲ್ಲುವುದು, ಕಳೆಯುವುದು. ಮೂರನೇ ಇಯತ್ತೆಯ ಲೆಕ್ಕ. ಆದರೆ ಸೈಕಲ್ ಅಪ್ಪಿಕೊಂಡು ನಿಂತವನಿಗೆ ತನ್ನ ಕಾಲಬುಡದ ಮುಳ್ಳು ಕಾಣುವುದಿಲ್ಲ ಎಂಬುದು ಲೆಕ್ಕದ ಪುಸ್ತಕದಲ್ಲಿರಲಿಲ್ಲ. ಓದಲು ಹೆಂಡತಿಯನ್ನು ಕರೆದದ್ದೇ ತಪ್ಪಾಯಿತು.

‘ತೊಂಬತ್ತೆಂಟು’ ಅಂದಳು. ಸೈಕಲ್ ಕೆಳಗಿಟ್ಟು ಮತ್ತೆ ನಿಂತೆ. ‘ಎಂಬತ್ತೈದು’ ಅಂದವಳು ಮುಳ್ಳು ಬಿಟ್ಟು ನನ್ನ ಮುಖ ನೋಡಿದಳು. ‘ಅಲ್ರೀ, ಡಾಕ್ಟರ್ ಮುಂದ ಎಪ್ಪತ್ತೆಂಟು ಅಂದಿದ್ರೆಲ್ಲಾ?’

‘ಈಗ ಸೈಕಲ್ಲಿನ ಮಾತು ನಡದದ.’

‘ಸೈಕಲ್ ಹದಿಮೂರು ಬಂತು, ಮುಗೀತು. ನಿಮ್ಮ ಮಾತು ಇನ್ನ ಮುಗದಿಲ್ಲ.’

ಮತ್ತೆ ತೂಗಿದೆವು: 97 ಮತ್ತು 85.5. ಸೈಕಲ್ ಹನ್ನೊಂದೂವರೆ. ಮೂರನೇ ಸಲ 98.5 ಮತ್ತು 84.5. ಸೈಕಲ್ ಹದಿನಾಲ್ಕು! ಕುಂತು ಯೋಚಿಸಿದಾಗ ತಿಳಿಯಿತು. ಯಂತ್ರ ಮುಕ್ಕಾಲು ಕಿಲೋ ಆಚೀಚೆ ಆಗುವಂಥದ್ದಾದರೆ, ಎರಡು ಸಲ ತೂಗಿ ಕಳೆಯುವಾಗ ಆ ಎರಡೂ ತಪ್ಪು ಒಟ್ಟುಗೂಡಿ ಸೈಕಲ್ಲಿನ ತಲೆಯ ಮೇಲೆ ಬೀಳಬಹುದು. ಎಂಬತ್ತೈದು ಕಿಲೋದ ಮನುಷ್ಯನಲ್ಲಿ ಒಂದು ಕಿಲೋ ಹೆಚ್ಚು ಕಡಿಮೆಯಾದರೆ ಯಾರು ಕೇಳುತ್ತಾರೆ? ಹತ್ತು ಕಿಲೋದ ಸೈಕಲ್ಲಿನಲ್ಲಿ ಒಂದು ಕಿಲೋ ಅಂದರೆ ಮನೆತನದ ಮರ್ಯಾದೆ. ಈ ಪ್ರಯೋಗದಿಂದ ಪಕ್ಕಾ ಗೊತ್ತಾದದ್ದು ನನ್ನ ತೂಕವೊಂದೇ. ಅಂದಿನಿಂದ ರಾತ್ರಿ ಅನ್ನ ಬಂದಾಗಿ ಎರಡು ಚಪಾತಿಗೆ ಬಂತು.

ಆಮೇಲೆ ವಿಮಾನ ಹತ್ತುವವರು ಪೆಟ್ಟಿಗೆ ತೂಗುವ ಕೊಂಡಿಯ ತಕ್ಕಡಿ ತರಿಸಿದೆ. ಅಂಕಿ ತೋರಿಸುವಂಥದ್ದು. ತೂಗುಹಾಕಲು ಗಟ್ಟಿ ಜಾಗ ಬೇಕಲ್ಲ, ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿಯಿತ್ತು. ನನ್ನ ತೊಟ್ಟಿಲು, ನನ್ನ ಮಗಳ ತೊಟ್ಟಿಲು ಎರಡನ್ನೂ ತಡೆದುಕೊಂಡ ಕೊಂಡಿ. ಸ್ಟೂಲ್ ಏರಿ ಧೂಳು ಒರೆಸಿ ಹಗ್ಗ ಹಾಕುತ್ತಿದ್ದೆ. ಬಾಗಿಲಲ್ಲಿ ಬಾಜೂಮನಿ ಮಾವಶಿ ಪ್ರತ್ಯಕ್ಷಳಾದಳು. ಕೊಂಡಿ ನೋಡಿದಳು, ಹಗ್ಗ ನೋಡಿದಳು. ಮಗಳ ಮದುವೆಯಾಗಿ ಆಗಷ್ಟೇ ವರ್ಷ ತುಂಬಿತ್ತು.

‘ಹೇಳಲೇ ಇಲ್ಲಲ್ಲವಾ! ಎಷ್ಟರಾಗ ಅದ?’ ಎಂದು ನನ್ನ ಹೆಂಡತಿಯ ಕೈ ಹಿಡಿದಳು.

ಕೊಂಡಿಗೆ ಕಣ್ಣು ನೆಟ್ಟಿದ್ದ ನಾನು, ‘ಹನ್ನೆರಡರಿಂದ ಹದಿಮೂರರಾಗ ಇರಬೇಕು ಮಾವಶಿ, ಈಗ ಗೊತ್ತಾಗ್ತದ’ ಅಂದುಬಿಟ್ಟೆ. ಆಕೆಯ ಮುಖದ ಮೇಲೆ ಬಂದದ್ದು ಏನೆಂದು ಬರೆಯಲಾರೆ. ಸಂಜೆಯೊಳಗೆ ಮಗಳು ಪುಣೆಯಿಂದ ನಾಲ್ಕು ಫೋನ್ ಮಾಡಬೇಕಾಯಿತು.

ಸೈಕಲ್ಲನ್ನು ಮುಂದಿನ ಗಾಲಿ ಮೇಲಾಗಿ ತೂಗುಹಾಕಿದೆ. 12.90 ಎಂದು ಬಂತು. ಬರೆದುಕೊಳ್ಳಲು ಪೆನ್ನು ಹುಡುಕುವಾಗ ಕೆಳಗೆ ‘ಟಪ್’ ಅಂತ ಸಪ್ಪಳ. ಪೆಡಲ್ ತಿರುಗುವ ಜಾಗದ ಡಬ್ಬಿಯ ಸಂದಿಯಿಂದ ತುಕ್ಕಿನ ಬಣ್ಣದ ಒಂದು ಹನಿ. ಆಮೇಲೆ ಇನ್ನೊಂದು. ಆಮೇಲೆ ಹನಿಯಲ್ಲ, ದಾರ. ಸೀಟಿನ ಕೊಳವೆಯ ಬಾಯಿಂದ ಒಳಗಿಳಿದ ಮಳೆನೀರು ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಸಂಸಾರ ಹೂಡಿತ್ತು. ಈಗ ಓರೆಯಾದಾಗ ದಾರಿ ಸಿಕ್ಕಿತು. ಕೆಳಗೆ ಬಿಳಿ ಪಂಚೆಯ ಮೇಲೆ ಹೆಂಡತಿ ಆರಹಾಕಿದ ಶ್ಯಾವಿಗೆ ಇತ್ತು. ಆಷಾಢದ ಧಾರವಾಡದ ಮಳೆ ಆ ಶ್ಯಾವಿಗೆಯ ಮೇಲೆ ಮಾಘಮಾಸದಲ್ಲಿ ಬಿತ್ತು. ನಾನು ತಕ್ಕಡಿ ನೋಡಿದೆ: 12.72. ನೂರಾ ಎಂಬತ್ತು ಗ್ರಾಂ ನೀರು! ‘ನೋಡು, ಕಡಿಮಿ ಆತು’ ಎಂದು ಹೆಂಡತಿಯನ್ನು ಕರೆದೆ. ಆಕೆ ಶ್ಯಾವಿಗೆ ನೋಡಿದಳು. ಮುಂದಿನ ಒಂದು ತಾಸನ್ನು ಇಲ್ಲಿ ಬಿಟ್ಟಿದ್ದೇನೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹತ್ತು ಕಿಲೋದ ಅಕ್ಕಿ ಚೀಲ ಅದೇ ಕೊಂಡಿಗೆ ಹಾಕಿದರೆ 10.12 ತೋರಿಸಿತು. ಹೆಚ್ಚಿನದು ಚೀಲದ ತೂಕವೋ, ತಕ್ಕಡಿಯ ಸುಳ್ಳೋ? ಸರಕಾರಿ ಮುದ್ರೆ ಬಿದ್ದ ಕಾಟಾದ ಮೇಲೆ ತೂಗದ ಹೊರತು ಸಮಾಧಾನವಿಲ್ಲ ಅನ್ನಿಸಿತು. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಗೆಳೆಯನ ದಲಾಲಿ ಅಂಗಡಿಯಿದೆ. ನವಲೂರು ದಾಟಿ ಅಲ್ಲಿಗೆ ಸೈಕಲ್ ಹೊಡೆದುಕೊಂಡೇ ಹೋದೆ. ಮುಟ್ಟುವಷ್ಟರಲ್ಲಿ ಸೈಕಲ್ಲಿನ ತೂಕ ನಲವತ್ತು ಕಿಲೋ ಎಂದು ಯಾರಾದರೂ ಹೇಳಿದ್ದರೆ ಒಪ್ಪುತ್ತಿದ್ದೆ.

ಒಣಮೆಣಸಿನಕಾಯಿಯ ಸುಗ್ಗಿ. ಅಂಗಳ ತುಂಬ ಕೆಂಪು ರಾಶಿ. ಹಮಾಲರಿಗೆ ಏನೂ ಅನ್ನಿಸುತ್ತಿರಲಿಲ್ಲ, ನನಗೆ ಒಂದರ ಮೇಲೊಂದು ಸೀನು. ಸೈಕಲ್ ಕಾಟಾದ ಮೇಲೆ ಏರಿಸಿದರೆ ಹಿಂದಿನ ಗಾಲಿ ಹೊರಗುಳಿಯಿತು. ನೆಟ್ಟಗೆ ನಿಲ್ಲಿಸಿದರೆ, ‘ಹಿಡಕೊಂಡ್ರ ತೂಕ ತಪ್ಪತೈತ್ರಿ, ಬಿಟ್ರ ಸೈಕಲ್ ಬೀಳತೈತ್ರಿ’ ಎಂದು ಹಮಾಲ ತತ್ತ್ವ ಹೇಳಿದ. ಕೊನೆಗೆ ಅವನೇ ಖಾಲಿ ಗೋಣಿಚೀಲ ಹಾಸಿ, ಕಾಟಾವನ್ನು ಸೊನ್ನೆಗೆ ತಂದು, ಸೀಟು ಮತ್ತು ಹ್ಯಾಂಡಲ್ ಕೆಳಗಾಗಿ ಸೈಕಲ್ಲನ್ನು ತಲೆಕೆಳಗೆ ಕೂಡಿಸಿದ. ನಾನು ಬಗ್ಗಿ ಅಂಕಿ ನೋಡುವಾಗ ಸೀನು ಬಂತು. ಕೈ ತಾಗಿ ಅಂಕಿ 12.60ಕ್ಕೆ ಹೋಗಿ 12.95ಕ್ಕೆ ಬಂತು. ‘ಸಾಹೇಬ್ರ, ಆ ಕಡೆ ಹೋಗಿ ಸೀನ್ರಿ’ ಅಂದ ಹಮಾಲ. ದೂರ ನಿಂತು ಮೂಗು ಹಿಡಿದುಕೊಂಡೆ. 12.75.

ಅಷ್ಟರಲ್ಲಿ ಸೀಟಿನ ಕೊಳವೆಯಿಂದ ಉಳಿದಿದ್ದ ಒಂದೆರಡು ಹನಿ ಗೋಣಿಯ ಮೇಲೆ ಬಿದ್ದವು. ಹಮಾಲ ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಗಂಭೀರವಾಗಿ ಗೆಳೆಯನ ಕಡೆ ತಿರುಗಿದ: ‘ಮಾಲು ಹಸಿ ಐತ್ರಿ. ಸೂಟ್ ತಗೀಬೇಕಾಕ್ಕೈತಿ.’ ಹಸಿ ಮಾಲಿಗೆಂದು, ಚೀಲಕ್ಕೆಂದು ತೂಕದಲ್ಲಿ ಕಳೆಯುವುದೇ ಸೂಟು. ರೈತರು ಯಾಕೆ ಅದರ ಹೆಸರು ಕೇಳಿದರೆ ಉರಿದು ಬೀಳುತ್ತಾರೆಂದು ಗೊತ್ತಿದೆ. ನನಗೆ ಮಾತ್ರ ಆ ದಿನ, ಎರಡೂ ಮುಕ್ಕಾಲು ಕಿಲೋ ಸೂಟು ಹಿಡಿದರೆ ಸರಿಯಾಗಿ ಹತ್ತಾಗುತ್ತದಲ್ಲ ಎಂಬ ದುರಾಸೆ ಹೊಳೆಯಿತು.

ಆ ದುರಾಸೆಯಿಂದಲೇ ಕಣ್ಣು ತೆರೆಯಿತು. ಇಂಗ್ಲೆಂಡಿನಿಂದ ಬಂದಾಗ ಈ ಸೈಕಲ್ಲಿಗೆ ಹಿಂದೆ ಕ್ಯಾರಿಯರ್ ಎಲ್ಲಿತ್ತು? ಕಾಯಿಪಲ್ಲೆ ಚೀಲಕ್ಕೆಂದು ಕಾಕಾನೇ ಹಾಕಿಸಿದ್ದು. ಸ್ಟ್ಯಾಂಡು ಕಾಕೂನ ಒತ್ತಾಯದ್ದು, ಗೋಡೆಯ ಸುಣ್ಣ ಹೋಗುತ್ತದೆಂದು. ಕೆಸರಿಗೆ ಮಡ್‌ಗಾರ್ಡು, ದನಗಳಿಗೆ ಗಂಟೆ, ಕಳ್ಳರಿಗೆ ಸರಪಳಿ ಕೀಲಿ. ಮನೆಗೆ ಬಂದು ಒಂದೊಂದನ್ನೇ ಬಿಚ್ಚಿ ಅಡಿಗೆಮನೆಯ ಪುಟ್ಟ ತಕ್ಕಡಿಗೆ ಹಾಕಿದೆ. ಕ್ಯಾರಿಯರ್ 780 ಗ್ರಾಂ, ಸರಪಳಿ ಕೀಲಿ 560, ಮಡ್‌ಗಾರ್ಡು ಎರಡೂ ಕೂಡಿ 510, ಸ್ಟ್ಯಾಂಡು 340, ಗಂಟೆ 110. ಒಟ್ಟು 2.30 ಕಿಲೋ ಧಾರವಾಡ. ಅದನ್ನು ಕಳೆದರೆ ಉಳಿಯುವ ಇಂಗ್ಲೆಂಡು 10.45. ಪೌಂಡಿಗೆ ತಿರುಗಿಸಿದೆ: ಬರೋಬ್ಬರಿ 23.

ಮರುದಿನವೇ ಬೋಳು ಸೈಕಲ್ ಹತ್ತಿ ಸಾಧನಕೇರಿಗೆ ಹೋದೆ. ಕಾಕಾ ಪೇರಲ ಗಿಡದ ಕೆಳಗೆ ಕುಳಿತಿದ್ದ. ‘ಕಾಕಾ, ನೀ ಹೇಳಿದ್ದ ಖರೆ. ಹತ್ತೂ ನಾಲ್ಕುನೂರಾ ಐವತ್ತು.’

ಅವನ ಮುಖ ಅರಳಲಿಲ್ಲ, ಬಾಡಿತು. ‘ನಾಲ್ಕುನೂರಾ ಐವತ್ತ ಎಲ್ಲಿಂದ ಬಂತು?’ ಕನ್ನಡಕ ಏರಿಸಿ ಸೈಕಲ್ಲನ್ನು ಮೇಲಿನಿಂದ ಕೆಳಗೆ ನೋಡಿದ. ‘ಪೆಡಲ್ ಇಟಗೊಂಡ ತೂಗಿದೇನು? ಹುಚ್ಚಪ್ಪ! ರೇಸ್ ಸೈಕಲ್ ಯಾರರೆ ಪೆಡಲ್ ಸಹಿತ ತೂಗತಾರೇನು? ತಗಿ.’

ಕಂಪನಿಗಳ ಕ್ಯಾಟಲಾಗಿನ ತೂಕವೂ ಎಷ್ಟೋ ಸಲ ಹಾಗೆಯೇ ಇರುತ್ತದೆ. ಎಲ್ಲಕ್ಕಿಂತ ಸಣ್ಣ ಅಳತೆಯ ಸೈಕಲ್, ಅದೂ ಪೆಡಲ್ ಬಿಟ್ಟು. ಜಾತಕದೊಳಗಿನ ವಯಸ್ಸಿನಂತೆ. ಕಾಕಾನ ಪಾನಾ ತಂದು ಬಿಚ್ಚಲು ಕುಳಿತೆ. ಬಲಗಡೆಯದು ಬಂತು. ಎಡಗಡೆಯದು ಜಪ್ಪಯ್ಯ ಅನ್ನಲಿಲ್ಲ. ಹತ್ತು ನಿಮಿಷ ಜಗ್ಗಿ ಅಂಗೈ ಕೆಂಪಾದ ಮೇಲೆ ಕಾಕಾ ತಣ್ಣಗೆ ಹೇಳಿದ: ‘ಎಡಗಡೆದು ಉಲ್ಟಾ ತಿರುಗಸಬೇಕೋ. ಈ ತನಕ ನೀ ಬಿಗಿ ಮಾಡೀದಿ.’

ಪೇರಲ ಟೊಂಗೆಗೆ ಕೊಂಡಿಯ ತಕ್ಕಡಿ ಕಟ್ಟಿ ಸೈಕಲ್ ಹಾಕಿದೆವು. 10.05. ಕಾಕಾ ಆ ಅಂಕಿಯನ್ನು ಬಹಳ ಹೊತ್ತು ನೋಡಿದ. ಎದ್ದು ಬಂದು ತೋರುಬೆರಳನ್ನು ಕೊಳವೆಯ ಕೆಳಗಿಟ್ಟು ಮೇಲಕ್ಕೆತ್ತಿದ. ಹೇಗೂ ಗಿಡ ಹಿಡಿದಿತ್ತು, ಸೈಕಲ್ ಎದ್ದಿತು. ‘ಇನ್ನೂ ಅಷ್ಟ ಅದ ನೋಡು’ ಅಂದ.

ಪೆಡಲ್ ಮತ್ತೆ ಹಾಕಹೋದರೆ ಬಿಡಲಿಲ್ಲ. ‘ಹಾಕಬ್ಯಾಡ. ಹತ್ತ ಇದ್ದಾಗ ಒಯ್ಯಿ. ಆ ಬೆಂಗಳೂರಾವ ಬಂದ ಮ್ಯಾಲೆ ಹಿಂಗ ಎತ್ತಿಸು.’

ಹೀಗಾಗಿ ಪೆಡಲ್ ಎರಡನ್ನೂ ಪ್ಯಾಂಟಿನ ಎರಡು ಕಿಸೆಯಲ್ಲಿ ಇಟ್ಟುಕೊಂಡು ಸಾಧನಕೇರಿಯಿಂದ ಮಾಳಮಡ್ಡಿಯ ತನಕ ಸೈಕಲ್ ದೂಡಿಕೊಂಡು ಹೊರಟೆ. ಪ್ಯಾಂಟು ಹೆಜ್ಜೆಗೊಮ್ಮೆ ಜಾರುತ್ತಿತ್ತು. ದಾರಿಯಲ್ಲಿ ಕಾಯಿಪಲ್ಲೆ ಬುಟ್ಟಿ ಇಳಿಸಿಕೊಂಡು ಕುಳಿತಿದ್ದ ಅಕ್ಕ ಕೇಳಿದಳು: ‘ಪಂಕ್ಚರ್ ಆಗೇತೇನ್ರಿ?’

‘ಇಲ್ಲಕ್ಕಾ, ಹತ್ತು ಕಿಲೋ ಆಗೇದ.’

ಆಕೆ ಸೈಕಲ್ ಕಡೆ ಕತ್ತು ಚಾಚಿ ನೋಡಿದಳು. ‘ಕಿಲೋಕ್ಕ ಹೆಂಗ ಹಚ್ಚೀರಿ?’